ಮಸುಕಿನಲ್ಲಿ ಲಿಂಬಾದ್ರಿ

ವಾರವಿಡೀ ನಾನು ಹಿನ್ನೆಲೆ ಅಳಿಸುವವನು.
ಅಲ್ ಐನ್‌ನ ಸನಯ್ಯಾದಲ್ಲಿ, ಟೈರಿನಂಗಡಿಗೂ
ಕರಕ್ ಚಹಾದವನಿಗೂ ನಡುವೆ
ಎಂಟಡಿ ಅಗಲದ ಸ್ಟುಡಿಯೋ.
ಬಿಳಿ ಪರದೆ. ಸ್ಟೂಲು. ಮೊಳೆಗೆ ನೇತುಹಾಕಿದ ಒಂದು ಕೋಟು, ಒಂದು ಟೈ,
ಬಂದವರಿಗೆಲ್ಲ ಅದೇ.
ಕಿವಿ ಕಾಣಬೇಕು, ಹಲ್ಲು ಕಾಣಬಾರದು,
ನೆರಳು ಬೀಳಬಾರದು. ವೀಸಾದ ಫೋಟೋದಲ್ಲಿ
ಮನುಷ್ಯನ ಹಿಂದೆ ಏನೂ ಇರಬಾರದು,
ಊರಾಗಲಿ, ಗೋಡೆಯಾಗಲಿ, ಗೋಡೆಯ ಬಿರುಕಾಗಲಿ.

ಶುಕ್ರವಾರದ ಬೆಳಗು ಮಾತ್ರ ನನ್ನದು.
ದವ್ವಾರಿನ ತುಂಬ ಪೆಟೂನಿಯಾ,
ಡಿಸೆಂಬರಿನ ಚಳಿಗೆ ಬಾಯಿ ತೆರೆದು ನಿಂತ
ಹಳೇ ಗ್ರಾಮೊಫೋನಿನ ಕಹಳೆಗಳು.
ಹೊಟ್ಟೆಯಡಿಯಾಗಿ ಮಲಗುತ್ತೇನೆ.
ಅಂಗಿಗೆ ಒದ್ದೆ ಮಣ್ಣು, ಮೂಗಿಗೆ ಗೊಬ್ಬರ;
ಪಿಕಪ್ಪಿನವರು ಹಾರ್ನ್ ಬಾರಿಸಿ ನಗುತ್ತ ಸುತ್ತು ಹೊಡೆಯುತ್ತಾರೆ.
ಊರಿಗೆ ಹೊರಟ ಫಿಲಿಪೀನಿನವನೊಬ್ಬ ಅಗ್ಗಕ್ಕೆ ಬಿಟ್ಟುಹೋದ
ಐವತ್ತರ ಲೆನ್ಸು, ಒಳಗೆ ಸಣ್ಣ ಬೂಷ್ಟು.
ರಿಂಗನ್ನು ಒಂದು ಪಾಯಿಂಟ್ ಎಂಟಕ್ಕೆ ತಿರುಗಿಸಿದರೆ
ಲೋಕ ಬೆಣ್ಣೆ.
ಹಫೀತ್ ಬೆಟ್ಟ ಬೂದಿಬಣ್ಣದ ಗಂಜಿ.
ಕಾರುಗಳ ಬ್ರೇಕು ದೀಪ
ಚೀಪಿ ಚೀಪಿ ಅಂಗೈಗೆ ಉಗಿದ ಪೆಪ್ಪರ್‌ಮಿಂಟು.
ಚೂಪಾಗಿ ಉಳಿಯುವುದು ಒಂದೇ ದಳ,
ಅದರಲ್ಲೂ ಅಂಚು,
ಅಂಚಿನ ರೋಮ, ರೋಮದ ತುದಿಯ ನೀರು.
ಉಸಿರು ಬಿಟ್ಟರೆ ಅದೂ ಹೋಯಿತು.

ಇದೂ ಅಳಿಸುವುದೇ, ಗೊತ್ತು.
ಆದರೆ ಬಿಳಿಯಲ್ಲಿ ಏನೂ ಇಲ್ಲ, ಮಸುಕಿನಲ್ಲಿ ಏನೋ ಇದೆ
ಎಂದು ನನಗೆ ನಾನೇ ಹೇಳಿಕೊಳ್ಳುವುದು.

ಅಂಥದ್ದೊಂದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದೆ.
ನೇರಳೆ ಹೂ. ಹಿಂದೆ ಹಳದಿ, ಬೂದಿ,
ಎಡಕ್ಕೊಂದು ಕಿತ್ತಳೆ ಮುದ್ದೆ.
ಹೂವಿಗಿಂತ ಮುದ್ದೆಯನ್ನೇ ಹೊಗಳುವವರು ಹೆಚ್ಚು.
"ಸಂಜೆ ಸೂರ್ಯನಾ?" ಕೇಳಿದ್ದಳು ಕಾಸರಗೋಡಿನ ನರ್ಸು.
ಹೌದು ಅಂದುಬಿಟ್ಟಿದ್ದೆ.

ಮೇ ತಿಂಗಳಲ್ಲಿ ಬಂದ ಲಿಂಬಾದ್ರಿ,
ನಿಜಾಮಾಬಾದಿನ ಕಡೆಯವನು, ತೋಟದ ಗುತ್ತಿಗೆ ಕಂಪನಿಯವನು.
ವೀಸಾ ನವೀಕರಣ. ಎಂಟು ಕಾಪಿ.
ಕೋಟು ತೊಡಿಸಿದೆ, ಟೈ ಬಿಗಿದೆ, ಗದ್ದ ಇಳಿಸು ಎಂದೆ.
ಅವನ ಕಣ್ಣು ಕ್ಯಾಮೆರಾದಲ್ಲಿಲ್ಲ.
"ಅದು ನಾನು," ಎಂದ.
ಯಾವುದು?
"ಆ ಕಿತ್ತಳೆ. ನನ್ನ ಜಾಕೆಟು. ಕೈಯ ಹತ್ತಿರ ಹಸಿರು ಇದೆಯಲ್ಲ, ಪೈಪು.
ಜಾಯಿಂಟು ಸೋರುತ್ತಿತ್ತು, ಬಗ್ಗಿ ಬಟ್ಟೆ ಸುತ್ತುತ್ತಿದ್ದೆ.
ನೀವು ನೆಲದಲ್ಲಿದ್ದಿರಿ.
ತಲೆ ತಿರುಗಿ ಬಿದ್ದಿರೇನೋ ಅಂತ
ನೀರು ನಿಲ್ಲಿಸಿ ಓಡಿ ಬರುವವನಿದ್ದೆ."

ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ.
ಮುದ್ದೆಗೆ ಬೆನ್ನು ಬಂತು.
ಬೆನ್ನಿಗೆ ಬಾಗು.

"ಇದರದ್ದೊಂದು ಸಿಕ್ಕರೆ ಮನೆಗೆ ಕಳಿಸುತ್ತೇನೆ.
ಕೋಟಿನ ಫೋಟೋ ಕಳಿಸಿದರೆ ಬೈಯುತ್ತಾಳೆ,
ಹೆಣ ಕೂರಿಸಿದ ಹಾಗಿದ್ದೀ ಅಂತ."

ಪ್ರಿಂಟು ಹಾಕಿಕೊಟ್ಟೆ. ದುಡ್ಡು ಬೇಡ ಅಂದೆ,
ಕೇಳಿಸದವನಂತೆ ಐದು ದಿರ್ಹಮ್ ಸ್ಟೂಲಿನ ಮೇಲಿಟ್ಟ.
ನನ್ನದೇ ಪೆನ್ನು ಇಸಕೊಂಡು
ಆ ಕಿತ್ತಳೆಯ ಸುತ್ತ, ಹೂವಿಗೆ ತಾಗದ ಹಾಗೆ,
ನಾಲಿಗೆ ಕಚ್ಚಿ, ನಿಧಾನವಾಗಿ
ಒಂದು ಗೆರೆ ಸುತ್ತಿದ.
ಆಮೇಲೆ ಶಾಯಿ ಒಣಗಲೆಂದು
ಊದಿದ.