ಹೊಕ್ಕ ದಾರಿ

ಅಪ್ಪ ಹೇಳಿಕೊಟ್ಟದ್ದು ಇಷ್ಟೇ:
ಹೊಕ್ಕ ಗಾಳವನ್ನು ಹೊಕ್ಕ ದಾರಿಯಲ್ಲೇ ಎಳೆಯಬೇಡ.
ಪೆಟಿ ಹಾರ್ಬರಿನ ಕಟ್ಟೆಯ ಮೇಲೆ
ತನ್ನ ಹೆಬ್ಬೆರಳನ್ನೇ ನನ್ನ ಮಡಿಲಲ್ಲಿಟ್ಟು
ಮುಳ್ಳನ್ನು ಮುಂದಕ್ಕೆ ದೂಡಿಸಿದ, ಮೊನೆ ಕತ್ತರಿಸಿಸಿದ,
ಆಮೇಲಷ್ಟೇ ಎಳೆ ಅಂದ.
ನನಗಾಗ ಒಂಬತ್ತು.
ಉದ್ದಕ್ಕೂ ಏನನ್ನೋ ಗುನುಗುತ್ತಿದ್ದ, ಶ್ರುತಿ ತಪ್ಪಿ.

ತಲೆಬುರುಡೆಯಲ್ಲಿ ಮುಂದಕ್ಕೆ ದೂಡುವಂತಿಲ್ಲ.
ಮುಂದೆ ಇರುವುದು ಮಿದುಳು.

ರಾತ್ರಿ ಎರಡೂಕಾಲು, ಸೇಂಟ್ ಜಾನ್ಸ್, ಹೊರಗೆ ಮಂಜು.
ಎಲ್ಡ್ರೆಡ್ ಪಾರ್ಡಿ, ಹತ್ತೊಂಬತ್ತು.
ಬಲಹುಬ್ಬಿಗೆ ಎರಡು ಬೆರಳು ಮೇಲೆ
ನೆಟ್ಟಗೆ ನಿಂತಿದೆ ಟೇಸರ್ ಬಾಣ,
ಬಾಲಕ್ಕೆ ಕೂದಲೆಳೆಯಂಥ ತಂತಿ, ಯಾರೋ ಕತ್ತರಿಸಿದ್ದು.
'ಎಳೆದುಹಾಕಿ ಡಾಕ್ಟ್ರೇ, ಏಳಕ್ಕೆ ಶಿಫ್ಟು.'
ಅಂಗಿಯ ತೋಳಲ್ಲಿ ಏಡಿ ಕಾರ್ಖಾನೆಯ ವಾಸನೆ,
ಉಸಿರಲ್ಲಿ ರಮ್ಮು.

ಕಾರಿಡಾರಿನಲ್ಲಿ ಕಾನ್‌ಸ್ಟೇಬಲ್ ಸ್ನೂಕ್,
ಟೋಪಿ ತೊಡೆಯ ಮೇಲೆ.
'ಬೆನ್ನಿಗೇ ಗುರಿಯಿಟ್ಟಿದ್ದೆ, ಅವನು ತಿರುಗಿಬಿಟ್ಟ.'
ಮೂರು ಸಲ ಹೇಳಿದ.
ನಾನು ಒಂದು ಸಲವೂ ಕೇಳಿರಲಿಲ್ಲ.

ಸ್ಕ್ಯಾನಿನಲ್ಲಿ ಲೋಹ ನಕ್ಷತ್ರದಂತೆ ಕಿರಣ ಚೆಲ್ಲಿ
ತನ್ನ ಮೊನೆಯನ್ನೇ ಮರೆಮಾಡುತ್ತದೆ.
ಮೂಳೆಯ ಒಳಪದರ ದಾಟಿದೆಯೆ, ಇಲ್ಲವೆ?
ಬಿಳಿ ಬೆಳಕು ಬಾಯಿಬಿಡುವುದಿಲ್ಲ.
ತೆರೆದೇ ನೋಡಬೇಕು.

ಬಾಣವನ್ನು ಮುಟ್ಟದೆ, ಅದರ ಸುತ್ತ
ನಾಣ್ಯದಗಲಕ್ಕೆ ಮೂಳೆ ಕೊರೆದೆ.
ಅರಿಶಿನದ ಪುಡಿಯಲ್ಲ, ಹಿಟ್ಟೂ ಅಲ್ಲ, ಮೂಳೆಯ ಧೂಳಿಗೆ
ಹೋಲಿಕೆ ಸಿಗದು; ವರ್ನಾ ನೀರು ಬಿಡುತ್ತಲೇ ಇದ್ದಳು.
ಸಸಿಯನ್ನು ಬುಡದ ಮಣ್ಣು ಉದುರದಂತೆ ಎತ್ತುವ ಹಾಗೆ
ಬಿಲ್ಲೆಯನ್ನು ಬಾಣದ ಸಮೇತ ಎತ್ತಿದೆ.
ಕೆಳಗೆ, ಮಿದುಳಿನ ಹೊದಿಕೆಯಲ್ಲಿ, ಸೂಜಿಮೊನೆಯಷ್ಟು ತೂತು.
ಅಲ್ಲಿಂದ ಒಂದು ತೊಟ್ಟು ತಿಳಿನೀರು
ಒರತೆಯ ಹಾಗೆ ಮೂಡಿ ನಿಂತಿತು.
ಯಾರೂ ಮಾತಾಡಲಿಲ್ಲ.
ತೊಳೆದೆ. ಮತ್ತೆ ತೊಳೆದೆ. ಎರಡು ಹೊಲಿಗೆ.
ಆಮೇಲೆ ಗೊತ್ತಾಯಿತು: ನಾನು ಗುನುಗುತ್ತಿದ್ದೆ.

ಬಾಣ ಸಾಕ್ಷ್ಯ. ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ,
ಸಮಯ ಬರೆದು ಸಹಿ ಮಾಡಿ ಕೊಟ್ಟೆ.
ಸ್ನೂಕ್ ಅದನ್ನು ದೀಪಕ್ಕೆ ಹಿಡಿದ.
'ಇಷ್ಟು ಚಿಕ್ಕದಾ?' ಅಂದ.
ದಿನಾ ಸೊಂಟಕ್ಕೆ ಕಟ್ಟಿಕೊಂಡು ತಿರುಗುವವನು.

ಹುಡುಗನಿಗೆ ಎಚ್ಚರವಾದಾಗ
ಎಡಗೈ ಎತ್ತು ಅಂದೆ. ಎತ್ತಿದ.
ಬೆರಳು ಬಿಡಿಸು. ಒಂದೊಂದಾಗಿ ಬಿಡಿಸಿದ,
ಸಾಲ ಎಣಿಸುವವನ ಹಾಗೆ, ಮನಸ್ಸಿಲ್ಲದೆ.
'ಏಳಾಯ್ತಾ?'
'ಹತ್ತೂವರೆ' ಎಂದಳು ವರ್ನಾ.
ಅವನು ಬೈದ. ಕಾರ್ಖಾನೆ, ಪೊಲೀಸು, ನಾನು,
ನನ್ನ ವಂಶ, ಮಂಜು, ಯಾರನ್ನೂ ಬಿಡಲಿಲ್ಲ.
ಬಗ್ಗಿ ಕಿವಿಗೊಟ್ಟು ಕೇಳಿದೆ:
ಒಂದಕ್ಷರವೂ ತೊದಲಲಿಲ್ಲ.