ಖಾಲಿ ಬುಟ್ಟಿಗೆ ಎರಡು ಅಡಿ ಜಾಗ

ಬೆಳಗಿನ ಐದೂವರೆ. ಸುಪೀರಿಯರ್ ಸರೋವರದ ಗಾಳಿ
ನನಗಿಂತ ಮೊದಲೇ ಬಾಗಿಲು ತಳ್ಳಿ ಒಳಗೆ ಬರುತ್ತದೆ.
ಹಿಂದೆ ಇದು ಬೂಟಿನ ಅಂಗಡಿ;
ಈಗ ಮುನ್ನೂರ ಹನ್ನೆರಡು ಮನೆಗಳ ಪಾಲು.
ನನ್ನದೂ ಒಂದು. ಅದಕ್ಕೆ ವಾರಕ್ಕೆ ಮೂರು ತಾಸು ದುಡಿಮೆ:
ಪೆಟ್ಟಿಗೆ ಬಿಚ್ಚು, ಹಳೆಯದು ಮುಂದೆ, ಹೊಸದು ಹಿಂದೆ,
ಚೀಟಿಯಲ್ಲಿ ಊರು ಬರಿ, ಎಷ್ಟು ಮೈಲಿ ಬರಿ.

ಕ್ಯಾರೆಟ್: ಎರಡು ಸಾವಿರ ಮೈಲಿ. ಸಾವಯವ.
ಹಸಿರು ಮುದ್ರೆ, ಪ್ಲಾಸ್ಟಿಕ್ ಅಂಗಿ, ಎಲ್ಲಕ್ಕೂ ಒಂದೇ ಎತ್ತರ,
ಶಾಲೆಯ ಫೋಟೋಗೆ ನಿಂತ ಮಕ್ಕಳ ಹಾಗೆ.

ರುಟಬೇಗ ಗಡ್ಡೆ: ಒಂಬತ್ತು ಮೈಲಿ.
ಮೈತುಂಬ ಮಣ್ಣು. ಮುದ್ರೆ ಇಲ್ಲ.
ಪಾ ಹುವಾ ತರುತ್ತಾಳೆ ಇದನ್ನು, ತಮ್ಮನ ವ್ಯಾನಿನಲ್ಲಿ,
ಹೆಪ್ಪುಗಟ್ಟದಂತೆ ಕಂಬಳಿ ಹೊದಿಸಿ.
ಅವಳಜ್ಜಿ ಲಾವೋಸಿನ ಗುಡ್ಡದಲ್ಲಿ ಕಿತ್ತ ಗೆಡ್ಡೆಗಳೇ ಬೇರೆ.
"ನಮ್ಮನೇಲಿ ಇದನ್ನ ಯಾರೂ ಮುಟ್ಟಲ್ಲ" ಅಂತ ನಗುತ್ತಾಳೆ,
"ನೀವು ತಿಂತೀರಲ್ಲ ಅಂತ ಬೆಳೀತೀನಿ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ.
ಇಲ್ಲಿ ಹಿತ್ತಲ ಗಿಡಕ್ಕೆ ಮದ್ದು ಹೊಡೆದಿಲ್ಲ ಅನ್ನುವುದಕ್ಕೂ
ಕಾಗದ ಬೇಕು, ಕಾಗದಕ್ಕೆ ಶುಲ್ಕ ಬೇಕು,
ಅವಳ ಅರ್ಧ ಎಕರೆ ಹೊರಲಾರದ ಶುಲ್ಕ.

ಮಂಗಳವಾರ ಸಭೆ. ಚರ್ಚಿನ ನೆಲಮಾಳಿಗೆ, ಮಡಚುವ ಕುರ್ಚಿ,
ಆರಿದ ಕಾಫಿ.
ಸಾವಯವ ಎಂಬ ಫಲಕದ ಕೆಳಗೆ ಅವಳ ಗಡ್ಡೆ ಇಡಬಹುದೆ?
ಖಜಾಂಚಿ ಲೋವೆಲ್ ಅಂದ: "ಆ ಪದಕ್ಕೊಂದು ಕಾನೂನಿದೆ.
ನಮ್ಮ ಪ್ರೀತಿಯಿಂದ ಅದರ ಅರ್ಥ ಹಿಗ್ಗುವುದಿಲ್ಲ."
ತಪ್ಪೇನಿಲ್ಲ ಅವನು ಹೇಳಿದ್ದರಲ್ಲಿ. ನನಗೆ ಸಿಟ್ಟು ಬಂದದ್ದೂ ನಿಜ.

ಸೇಬು ತೋಟದ ಆರ್ವಿಡ್ ಎದ್ದ, ಟೋಪಿ ಕೈಯಲ್ಲಿ:
"ನಾನು ಎರಡು ಸಲ ಮದ್ದು ಹೊಡೀತೀನಿ. ಹಾಗೇ ಬರೀರಿ.
ಎರಡು ಸಲ. ಯಾವಾಗ, ಯಾಕೆ. ಬೇಡವಾದೋರು ಬಿಡಲಿ."
ಕೂತ. ಆಮೇಲೆ ಮಾತೇ ಬೇಕಾಗಲಿಲ್ಲ
ಎಂದರೆ ಸುಳ್ಳಾದೀತು;
ಇನ್ನೂ ಒಂದೂವರೆ ತಾಸು ಮಾತಾಡಿದೆವು.
ನಡುವೆ ಡೆಲ್ಫೀನ್ ಮುದುಕಿ ಚೀಲದಿಂದ ಗಡ್ಡೆ ತೆಗೆದು,
ಚಾಕುವಿನಿಂದ ಹೋಳು ಮಾಡಿ, ಸಾಲಿನಲ್ಲಿ ದಾಟಿಸಿದಳು.
ಕರಕರ ಸದ್ದು. ಲೋವೆಲ್ಲನೂ ಅಗಿದ.
ಪಾ ಹುವಾ ಅಲ್ಲಿರಲಿಲ್ಲ,
ವೃದ್ಧಾಶ್ರಮದಲ್ಲಿ ಅವಳಿಗೆ ರಾತ್ರಿ ಪಾಳಿ.

ಕೊನೆಗೆ ಮೂರನೆಯ ಕಪಾಟು ಎಂದಾಯಿತು.
ಅದಕ್ಕೇನು ಹೆಸರು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.
ಬೋರ್ಡು ಇನ್ನೂ ಬರಿದೇ ತೂಗುತ್ತಿದೆ.
ಕೆಳಗೆ ಗಡ್ಡೆ, ಆರ್ವಿಡ್ಡನ ಸೇಬು (ಎರಡು ಸಲ),
ಪಕ್ಕದಲ್ಲಿ ನಾನೇ ಇಟ್ಟದ್ದೊಂದು ಬುಟ್ಟಿ, ಖಾಲಿ.
ಚೀಟಿ: ಪಾ ಹುವಾಳ ಸಾಸಿವೆ ಸೊಪ್ಪು. ಒಂಬತ್ತು ಮೈಲಿ. ಜೂನ್.

"ಮುಗಿದು ಹೋಯ್ತಾ?" ಅಂತ ಕೇಳುತ್ತಾರೆ.
ಇಲ್ಲ, ಇನ್ನೂ ಹುಟ್ಟಿಲ್ಲ.
ಎರಡಡಿ ಕಪಾಟು ವಾರಕ್ಕೆ ಎಷ್ಟು ದುಡಿಯಬೇಕೆಂದು
ಲೋವೆಲ್ ನನಗೆ ಲೆಕ್ಕ ಬರೆದುಕೊಟ್ಟ. ಮಡಚಿ ಜೇಬಿಗಿಟ್ಟೆ.
ಹೊರಗೆ ಸರೋವರ ಕಲ್ಲಾಗಿದೆ, ಅದರ ಮೇಲೆ
ಯಾರದೋ ಟ್ರಕ್ಕು ಮೀನಿಗೆ ಹೊರಟಿದೆ.

ಈವತ್ತು ಬಂದು ನೋಡಿದರೆ ಬುಟ್ಟಿಯಲ್ಲೊಂದು ಕೈಗವಸು,
ಎಡಗೈಯದು, ಕೆಂಪು ಉಣ್ಣೆ, ಮಗುವಿನದಿರಬೇಕು.
ತೆಗೆಯಲಿಲ್ಲ.
ಒಂಬತ್ತು ಗಂಟೆಗೆ ಒಬ್ಬರು ಅದರ ಬೆಲೆ ಕೇಳಿದರು.