ಎಂದರೆ ಸರಿ

ಕಾರವಾರದ ಕೋರ್ಟಿನಲ್ಲಿ ನನ್ನ ಕೆಲಸ ಇಷ್ಟೆ:
ಸಾಕ್ಷಿಯ ಬಾಯಲ್ಲಿ ಬಂದದ್ದನ್ನು ಕಾಗದಕ್ಕೆ ಇಳಿಸುವುದು,
ಅದೂ ಸಾಹೇಬರು ಸೋಸಿ ಕೊಟ್ಟ ಮೇಲೆ.

ಇವತ್ತು ಭಾಗೀರಥಿ ಹರಿಕಂತ್ರ, ಐವತ್ತೆಂಟು,
ಸಾಕಿನ್ ತೋಡೂರು ಕಾಲನಿ.
ಬಿಣಗಾ ತಿರುವಿನಲ್ಲಿ ಇವಳು ಕೂತ ರಿಕ್ಷಾಕ್ಕೆ
ಹಿಂದಿನಿಂದ ಗುದ್ದಿತ್ತು ಗೋವೆಯ ಕಾರು.
ಕುತ್ತಿಗೆಗೆ ಪಟ್ಟಿ. ಹದಿನಾಲ್ಕು ತಿಂಗಳಾಯ್ತು,
ಅಂಚು ಮಾಸಿದೆ.

ವಿಮೆ ಕಂಪನಿಯ ವಕೀಲರು ಎಕ್ಸರೇ ಎತ್ತಿ
ಕಿಟಕಿಯ ಬೆಳಕಿಗೆ ಹಿಡಿದರು,
ನೋಟು ಖೋಟಾವೋ ಎಂದು ನೋಡುವ ಹಾಗೆ.
‘ಮಣಿ ಸವೆದದ್ದು ಅಪಘಾತದಿಂದಲ್ಲ.
ನೋವು ಮೊದಲೇ ಇತ್ತು. ಹೌದೋ ಅಲ್ಲವೋ?’

‘ಇತ್ರಾ ಒಡೆಯಾ, ಇರದೆ ಎಂತ?
ಮೂವತ್ತು ವರ್ಷ ಬೈತಖೋಲದಿಂದ ಹೊತ್ತದ್ದು.
ಸಿಂಬಿ ಒದ್ದೆಯಾಗಿ ಬಂಗಡೆ ನೀರು
ಬೆನ್ನಿಗೆ ಇಳಿಯೂದು.
ರಾತ್ರೆ ನೋಯೂದು, ಬೆಳಗಾದ್ರೆ ಹೊರೂದು.
ಆ ನೋವಿಗೆ ಯಾರ ಹತ್ರನೂ ದುಡ್ಡು ಕೇಳಲಿಲ್ಲ ನಾನು.
ಇದು ಹಂಗಲ್ಲ. ಇದು ಹೊರೂಕೇ ಬಿಡೂದಿಲ್ಲ.

ಕಾಜುಬಾಗದ ನಿಮ್ಮ ಮೆಟ್ಟಿಲ ಮೇಲೂ
ಬುಟ್ಟಿ ಇಳಿಸಿದ್ದೆ. ನಿಮ್ಮ ಆಯಿಗೆ
ನೊಗ್ಲಿ ಅಂದ್ರೆ ಜೀವ.
ಸವೆದದ್ರಲ್ಲಿ ನಿಮ್ಮನೆ ಪಾಲೆಷ್ಟು,
ಅದೂ ಕಾಣ್ತದಾ ಅದ್ರಲ್ಲಿ?’

ಬಾಗಿಲ ಜವಾನ ಕೆಮ್ಮಿದಂತೆ ಮಾಡಿ ನಕ್ಕ.
‘ಕೇಳಿದ್ದಕ್ಕಷ್ಟೇ ಹೇಳಿ’ ಅಂದರು ಸಾಹೇಬರು,
ಬೈಗುಳದ ದನಿಯಲ್ಲೇನೂ ಅಲ್ಲ.

‘ನೌಕಾನೆಲೆಗೆ ಊರು ಬಿಡಿಸೂಕೆ ಬಂದಾಗ್ಲೂ ಹಿಂಗೇ.
ಗೋಡೆ ಬಿರುಕಿನಲ್ಲಿ ಬೆರಳಿಟ್ಟು ನೋಡಿ
“ಇದು ಮೊದಲೇ ಇತ್ತಲ್ಲ” ಅಂತ ಬೆಲೆ ಇಳಿಸಿದ್ರು.
ಬಿರುಕಿತ್ತು ಖರೆ. ಗೋಡೆ ನಿಂತೇ ಇತ್ತಲ್ಲ, ಸಾಯ್ಬ್ರೆ.’

ಗಡಿಯಾರ ನೋಡಿದರು. ನನ್ನ ಕಡೆ ತಿರುಗಿ ಹೇಳಿದರು.
ನಾನು ಹೊಡೆದೆ:
ನನಗೆ ಅಪಘಾತಕ್ಕೆ ಮೊದಲೇ
ಕುತ್ತಿಗೆ ನೋವಿತ್ತು ಎಂದರೆ ಸರಿ.

ಓದಿ ಹೇಳಿದೆ. ‘ಅಷ್ಟೇಯಾ?’ ಎಂದಳು,
‘ಬಂಗಡೆ ಎಲ್ಲಿ ಹೋಯ್ತು?’
ಹದಿನೇಳು ವರ್ಷದ ನೌಕರಿಯಲ್ಲಿ
ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ.
‘ಇಲ್ಲಿ ರುಜು’ ಎಂದೆ.

ಮೇಜು ತಗ್ಗು. ಬಗ್ಗಲು ನೋಡಿದಳು,
ಪಟ್ಟಿ ಗಲ್ಲಕ್ಕೆ ತಾಗಿ ನಿಂತುಬಿಟ್ಟಿತು.
ಫೈಲಿನ ರಟ್ಟು ಅಡಿಗೆ ಕೊಟ್ಟು
ಕಾಗದವನ್ನೇ ಎತ್ತಿ ಅವಳ ಕಣ್ಣೆದುರು ಹಿಡಿದೆ.
ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ,
ಒಂದೊಂದಾಗಿ ಒತ್ತಿ ಬರೆದಳು.
ನನ್ನ ಕೈ ಸೋತು ನಡುಗಿತೋ ಏನೋ,
ಗೀಯ ದೀರ್ಘ ಜಾರಿ ಮೇಲಕ್ಕೆ ಹರಿದು
ಸರಿಯನ್ನು ಅರ್ಧ ಮುಚ್ಚಿತು.